ಇಫ್ ಸಾಕೇ, ಸ್ವಿಚ್ ಬೇಕೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರೋಗ್ರಾಮಿಂಗ್ ಕಲಿಯುತ್ತಿರುವ ಓದುಗರು ಈ ಬಾರಿ ಕಳುಹಿಸಿರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದವು: ಎರಡಕ್ಕಿಂತ ಹೆಚ್ಚು ದಾರಿಗಳಿರುವಾಗ ಯಾವ ದಾರಿ ಹಿಡಿಯಬೇಕೆಂದು ಪ್ರೋಗ್ರಾಮಿಗೆ ತಿಳಿಸುವುದು ಹೇಗೆ? ಹೀಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಬಹು ಆಯ್ಕೆಯ ಷರತ್ತುಗಳಿಗೆ, ಅಂದರೆ ಇಫ್, ಸ್ವಿಚ್‌ನಂಥ ಹೇಳಿಕೆಗಳಿಗೆ, ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಅಂಕಗಳನ್ನು ಓದಿಕೊಂಡು ಶ್ರೇಣಿ ತಿಳಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಎಲ್ಸ್ ಇಫ್ ಸಾಲುಗಳು ಉದ್ದವಾದವೆಂದು ಸ್ವಿಚ್‌ಗೆ ಬದಲಾಯಿಸಲು ಹೋದರೆ, ‘90 ಅಥವಾ ಅದಕ್ಕಿಂತ ಹೆಚ್ಚು’ ಎಂಬುದನ್ನು ಕೇಸ್‌ನಲ್ಲಿ ಬರೆಯಲು ಆಗುತ್ತಿಲ್ಲ. ಇಫ್ ಯಾವಾಗ, ಸ್ವಿಚ್ ಯಾವಾಗ ಎಂಬುದಕ್ಕೆ ನಿಯಮವೇನಾದರೂ ಇದೆಯೇ?

ಉತ್ತರ: ಬರೆಯಲು ಆಗದಿರುವುದು ನಿಮ್ಮ ತಪ್ಪಿನಿಂದಲ್ಲ, ಸ್ವಿಚ್ ಇರುವುದೇ ಹಾಗೆ. ಸಿ ಭಾಷೆಯ ಸ್ವಿಚ್ ಒಂದು ಪೂರ್ಣಾಂಕದ ಬೆಲೆಯನ್ನು ಒಮ್ಮೆ ಲೆಕ್ಕ ಹಾಕಿ, ಅದು ಕೇಸ್‌ಗಳ ಮುಂದೆ ಮೊದಲೇ ಬರೆದಿಟ್ಟ ಸ್ಥಿರ ಬೆಲೆಗಳಲ್ಲಿ ಯಾವುದಕ್ಕೆ ಸಮ ಎಂದು ಮಾತ್ರ ನೋಡುತ್ತದೆ. ದೊಡ್ಡದೇ, ಚಿಕ್ಕದೇ, ನಡುವಿನದೇ ಎಂಬ ಪ್ರಶ್ನೆಗಳನ್ನು ಅದು ಕೇಳುವುದಿಲ್ಲ. ಎಲ್ಸ್ ಇಫ್ ಸರಣಿಯಲ್ಲಾದರೋ ಪ್ರತಿ ಮೆಟ್ಟಿಲಿನಲ್ಲೂ ಬೇರೆಯದೇ ಪ್ರಶ್ನೆಯನ್ನು, ಬೇಕಾದರೆ ಬೇರೆಯದೇ ವೇರಿಯೇಬಲ್‌ನ ಮೇಲೆ, ಕೇಳಬಹುದು. ಆದ್ದರಿಂದ ಕೋಡ್ ಬರೆಯುವ ಮುನ್ನ ನೀವು ನೋಡಬೇಕಾದದ್ದು ಸಾಲುಗಳ ಉದ್ದವನ್ನಲ್ಲ. ಎಲ್ಲ ಕವಲುಗಳೂ ಒಂದೇ ಬೆಲೆಯನ್ನು ಅವಲಂಬಿಸಿವೆಯೇ, ಆ ಬೆಲೆಗಳನ್ನು ಬೆರಳು ಮಡಚಿ ಎಣಿಸಿ ಹೆಸರಿಸಲು ಸಾಧ್ಯವೇ ಎಂದು ನೋಡಿ. ಎರಡಕ್ಕೂ ಹೌದೆಂದಾದರೆ ಸ್ವಿಚ್ ಒಪ್ಪುತ್ತದೆ. ಒಂದಕ್ಕಾದರೂ ಅಲ್ಲವೆಂದಾದರೆ ಎಲ್ಸ್ ಇಫ್ ಸರಣಿಯೇ ಸರಿ. ತಿಂಗಳಿನ ಸಂಖ್ಯೆ ಕೊಟ್ಟರೆ ದಿನಗಳೆಷ್ಟು ಎಂದು ಹೇಳುವ ಪ್ರೋಗ್ರಾಂ ಮೊದಲನೆಯ ಬಗೆಯದು. ಅಂಕಗಳ ಶ್ರೇಣಿ ಎರಡನೆಯ ಬಗೆಯದು.

ಇದೇ ಸಮಸ್ಯೆಗೆ ಒಂದು ಜಾಣ ಉಪಾಯವನ್ನು ಹಲವು ಪಠ್ಯಗಳಲ್ಲಿ ಕಾಣುತ್ತೇವೆ: ಅಂಕವನ್ನು 10ರಿಂದ ಭಾಗಿಸಿ, ಬರುವ ಪೂರ್ಣಾಂಕದ ಮೇಲೆ ಸ್ವಿಚ್ ಹಾಕುವುದು. 93 ಆಗ 9 ಆಗುತ್ತದೆ, 87 ಆಗ 8 ಆಗುತ್ತದೆ, ಕೇಸ್‌ಗಳು ಹತ್ತು ಹನ್ನೊಂದಕ್ಕೆ ಇಳಿಯುತ್ತವೆ. ನೋಡಲು ಚೆನ್ನಾಗಿದೆ, ಆದರೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ. ಶ್ರೇಣಿಯ ಗಡಿ 80ರಿಂದ 75ಕ್ಕೆ ಬದಲಾದ ದಿನವೇ ಈ ಉಪಾಯ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಯಾರಾದರೂ ತಪ್ಪಾಗಿ 105 ಎಂದು ಕೊಟ್ಟರೆ, ಭಾಗಿಸಿದ ಮೇಲೆ ಅದು 10 ಆಗಿ, 100 ಅಂಕ ಪಡೆದವರ ಸಾಲಿನಲ್ಲಿ ನಿಲ್ಲುತ್ತದೆ. ಸಿ ಭಾಷೆಯಲ್ಲಿ ಪೂರ್ಣಾಂಕಗಳ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುವುದರಿಂದ, ಮೈನಸ್ 5 ಎಂದು ಕೊಟ್ಟರೂ ಭಾಗಲಬ್ಧ ಸೊನ್ನೆಯಾಗಿ, ಅದು ಸೊನ್ನೆಯಿಂದ 9ರವರೆಗಿನ ಗುಂಪಿಗೆ ಸೇರಿಕೊಳ್ಳುತ್ತದೆ. ತಪ್ಪು ಬೆಲೆಗಳು ತಪ್ಪೆಂದು ಗುರುತಾಗುವ ಬದಲು ಸರಿಯಾದವುಗಳ ನಡುವೆ ಸದ್ದಿಲ್ಲದೆ ಬೆರೆತುಹೋಗುತ್ತವೆ.

ಸರಣಿಯನ್ನೇ ಬರೆಯುವಾಗ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು ಕ್ರಮ. ಸರಣಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಮೊದಲು ನಿಜವಾದ ಷರತ್ತಿನಲ್ಲೇ ನಿಲ್ಲುವುದರಿಂದ, ‘50 ಅಥವಾ ಹೆಚ್ಚು’ ಎಂಬುದನ್ನು ಮೊದಲು ಬರೆದರೆ 95 ಅಂಕ ಪಡೆದವರಿಗೂ ಅಲ್ಲಿಯೇ ಉತ್ತರ ಸಿಕ್ಕಿ, 90ರ ಷರತ್ತನ್ನು ಯಾರೂ ಮುಟ್ಟುವುದೇ ಇಲ್ಲ. ದೊಡ್ಡ ಗಡಿಯಿಂದ ಚಿಕ್ಕ ಗಡಿಗೆ ಇಳಿದು ಬಂದರೆ ಈ ತೊಡಕಿಲ್ಲ. 90ರ ಮೆಟ್ಟಿಲು ದಾಟಿ ಬಂದ ಅಂಕ 90ಕ್ಕಿಂತ ಕಡಿಮೆಯೇ ಆಗಿರುವುದರಿಂದ, ಮುಂದಿನ ಮೆಟ್ಟಿಲಿನಲ್ಲಿ ಮೇಲಿನ ಗಡಿಯನ್ನು ಮತ್ತೆ ಬರೆಯಬೇಕಾಗಿಯೂ ಇಲ್ಲ. ಎರಡನೆಯದು, ಗಣಿತದ ರೂಢಿಯಲ್ಲಿ ‘75 <= ಅಂಕ < 90’ ಎಂದು ಬರೆಯುವುದು. ಪೈಥಾನ್‌ನಲ್ಲಿ ಇದಕ್ಕೆ ನೀವು ಅಂದುಕೊಂಡ ಅರ್ಥವೇ ಇದೆ. ಸಿ ಭಾಷೆಯಲ್ಲಿ ಮಾತ್ರ ಮೊದಲ ಹೋಲಿಕೆಯ ಫಲ ಸೊನ್ನೆ ಅಥವಾ ಒಂದು; ಆ ಸೊನ್ನೆಯನ್ನೋ ಒಂದನ್ನೋ 90ರೊಡನೆ ಹೋಲಿಸಿದರೆ ಅದು ಯಾವಾಗಲೂ ಚಿಕ್ಕದೇ. ಹೀಗಾಗಿ ಅಂಕ 12 ಇದ್ದರೂ ಷರತ್ತು ನಿಜವೆಂದೇ ಬರುತ್ತದೆ.

ಭಾಷೆಯನ್ನು ನೋಡಿಕೊಂಡು ಈ ಉತ್ತರ ಸ್ವಲ್ಪ ಬದಲಾಗುತ್ತದೆ ಎಂಬುದನ್ನೂ ಹೇಳಬೇಕು. ವಿಷುಯಲ್ ಬೇಸಿಕ್‌ನ ಸೆಲೆಕ್ಟ್ ಕೇಸ್‌ನಲ್ಲಿ ‘ಕೇಸ್ 75 ಟು 89’ ಎಂದು ವ್ಯಾಪ್ತಿಯನ್ನೂ, ‘ಕೇಸ್ ಈಸ್ >= 90’ ಎಂದು ಹೋಲಿಕೆಯನ್ನೂ ಬರೆಯಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ ಕೇಸ್‌ನ ಮುಂದೆ ಹೋಲಿಕೆ ಬರೆದರೆ ದೋಷವೇನೂ ಬರುವುದಿಲ್ಲ, ಆದರೆ ಕೆಲಸವೂ ಆಗುವುದಿಲ್ಲ. ಅಂಕವೆಂಬ ಸಂಖ್ಯೆಯನ್ನು, ಹೋಲಿಕೆಯಿಂದ ಬಂದ ನಿಜ ಅಥವಾ ಸುಳ್ಳು ಎಂಬ ಬೆಲೆಯೊಡನೆ ಕಟ್ಟುನಿಟ್ಟಾಗಿ ಸಮವೇ ಎಂದು ಅದು ಕೇಳುತ್ತದೆ, ಮತ್ತು ಅವು ಎಂದೂ ಸಮವಾಗುವುದಿಲ್ಲ.

ಪ್ರಶ್ನೆ: ನನ್ನ ಮೆನು ಪ್ರೋಗ್ರಾಮಿನಲ್ಲಿ 2 ಒತ್ತಿದರೆ ಎರಡನೆಯ ಕೆಲಸದ ಜೊತೆಗೆ ಮೂರನೆಯದೂ ನಾಲ್ಕನೆಯದೂ ನಡೆದು, ಕೊನೆಗೆ ‘ತಪ್ಪು ಆಯ್ಕೆ’ ಎಂಬ ಸಂದೇಶವೂ ಬರುತ್ತದೆ. 4 ಒತ್ತಿದಾಗ ನಾಲ್ಕನೆಯ ಕೆಲಸ ಮತ್ತು ಆ ಸಂದೇಶ ಮಾತ್ರ. ಇದೇಕೆ ಹೀಗೆ?

ಉತ್ತರ: ಪ್ರತಿ ಕೇಸ್‌ನ ಕೊನೆಯಲ್ಲಿ ಬ್ರೇಕ್ ಬಿಟ್ಟುಹೋಗಿದೆ. ಬ್ರೇಕ್ ಸೇರಿಸಿದರೆ ಸರಿಹೋಗುತ್ತದೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು, ಆದರೆ ಕಾರಣ ತಿಳಿದರೆ ಸ್ವಿಚ್‌ನ ಇನ್ನೂ ಹತ್ತು ವಿಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ.

ಸಿ ಭಾಷೆಯಲ್ಲಿ ಕೇಸ್ ಎಂಬುದು ಕೋಣೆಯಲ್ಲ, ಒಂದು ಗುರುತು ಮಾತ್ರ. ಸ್ವಿಚ್‌ನ ಆವರಣದೊಳಗಿರುವುದೆಲ್ಲವೂ ಒಂದೇ ಉದ್ದನೆಯ ಹೇಳಿಕೆಗಳ ಸಾಲು; ಆ ಸಾಲಿನಲ್ಲಿ ಎಲ್ಲಿಂದ ಶುರು ಮಾಡಬೇಕೆಂಬುದನ್ನು ಕೇಸ್ ಲೇಬಲ್ ತೋರಿಸುತ್ತದೆ, ಎಲ್ಲಿ ನಿಲ್ಲಬೇಕೆಂಬುದನ್ನು ಅದು ಹೇಳುವುದೇ ಇಲ್ಲ. ನಿಲ್ಲಿಸುವುದು ಬ್ರೇಕ್‌ನ ಕೆಲಸ. ಬ್ರೇಕ್ ಇಲ್ಲದಿದ್ದರೆ ನಿಯಂತ್ರಣ ಕೆಳಗಿನ ಕೇಸ್‌ಗಳ ಗುರುತುಗಳನ್ನು ಲೆಕ್ಕಿಸದೆ ಹರಿದುಕೊಂಡು ಹೋಗುತ್ತದೆ. ಇದನ್ನೇ ಫಾಲ್‌ಥ್ರೂ ಎನ್ನುತ್ತಾರೆ. ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ಬಿಸಿಪಿಎಲ್ ಭಾಷೆಯ ಸ್ವಿಚ್‌ಆನ್, ಕೆನ್ ಥಾಂಪ್ಸನ್ ಅವರ ಬಿ ಭಾಷೆಯ ಮೂಲಕ ಡೆನಿಸ್ ರಿಚಿ ಅವರ ಸಿ ಭಾಷೆಗೆ ಬಂತು. ಸಿ ಭಾಷೆಯಿಂದ ಸಿ ಪ್ಲಸ್ ಪ್ಲಸ್, ಜಾವಾ, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಇವೆಲ್ಲಕ್ಕೂ ಅದೇ ಸ್ವಭಾವ ಇಳಿದು ಬಂದಿದೆ. ಇನ್ನೊಂದು ವಂಶವೂ ಇದೆ. ನಿಕ್ಲಾಸ್ ವಿರ್ತ್ ಮತ್ತು ಟೋನಿ ಹೋರ್ 1966ರಲ್ಲಿ ಪ್ರಕಟಿಸಿದ ಪ್ರಸ್ತಾವದ ಕೇಸ್ ಹೇಳಿಕೆಯಲ್ಲಿ, ಮತ್ತು ಅದರಿಂದ ಬೆಳೆದ ಪಾಸ್ಕಲ್‌ನಲ್ಲಿ, ಒಂದು ಕವಲು ಮುಗಿದರೆ ಕೆಲಸ ಮುಗಿಯಿತು. ಕೆಳಕ್ಕೆ ಜಾರುವ ಮಾತೇ ಇಲ್ಲ. ಈ ಎರಡರಲ್ಲಿ ಎರಡನೆಯದೇ ಹೆಚ್ಚು ವಿವೇಕದ್ದಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ನಂತರ ಬಂದ ಭಾಷೆಗಳೂ ಬಹುಮಟ್ಟಿಗೆ ಅದನ್ನೇ ಒಪ್ಪಿಕೊಂಡಿವೆ. ಗೋ ಮತ್ತು ಸ್ವಿಫ್ಟ್ ಭಾಷೆಗಳಲ್ಲಿ ಕವಲು ತಾನಾಗಿಯೇ ಮುಗಿಯುತ್ತದೆ, ಕೆಳಕ್ಕೆ ಹರಿಯಬೇಕೆಂದರೆ ಫಾಲ್‌ಥ್ರೂ ಎಂದೇ ಬರೆಯಬೇಕು. ಸಿ ಶಾರ್ಪ್‌ನಲ್ಲಿ ಹೇಳಿಕೆಗಳಿರುವ ಕೇಸ್ ಬ್ರೇಕ್ ಇಲ್ಲದೆ ಮುಂದಿನದಕ್ಕೆ ಹರಿದರೆ ಕಂಪೈಲರ್ ದೋಷವೆಂದೇ ತಡೆಯುತ್ತದೆ. ಜಾವಾ 14ನೆಯ ಆವೃತ್ತಿಯಲ್ಲಿ, 2020ರಲ್ಲಿ, ಬಾಣದ ಗುರುತಿನ ಹೊಸ ಕೇಸ್ ಅಧಿಕೃತವಾಗಿ ಬಂತು. ಅದರಲ್ಲಿ ಬ್ರೇಕ್ ಬೇಕಿಲ್ಲ. ಹೊಸದಾಗಿ ಜಾವಾ ಕಲಿಯುವವರು ಈ ರೂಪದಿಂದಲೇ ಆರಂಭಿಸಿದರೆ ಒಳ್ಳೆಯದು.

ಹಾಗೆಂದು ಹರಿದು ಹೋಗುವ ಗುಣ ಪೂರ್ತಿ ನಿರುಪಯೋಗಿಯಲ್ಲ. ತಿಂಗಳ ದಿನಗಳ ಉದಾಹರಣೆಯನ್ನೇ ನೋಡಿ: ಕೇಸ್ 4, ಕೇಸ್ 6, ಕೇಸ್ 9, ಕೇಸ್ 11 ಎಂಬ ನಾಲ್ಕು ಲೇಬಲ್‌ಗಳನ್ನು ಒಂದರ ಕೆಳಗೊಂದು ಬರಿದಾಗಿ ಬರೆದು, ಕೊನೆಯದರ ಕೆಳಗೆ ಒಂದೇ ಬಾರಿ ದಿನಗಳು 30 ಎಂದು ಬರೆದು ಬ್ರೇಕ್ ಹಾಕಿದರೆ ಸಾಕು. ಕೇಸ್ 2ರಲ್ಲಿ ಮಾತ್ರ ಒಳಗೊಂದು ಇಫ್ ಬೇಕಾಗುತ್ತದೆ. ವರ್ಷ 400ರಿಂದ ಭಾಗವಾದರೆ, ಅಥವಾ 4ರಿಂದ ಭಾಗವಾಗಿ 100ರಿಂದ ಭಾಗವಾಗದಿದ್ದರೆ 29, ಇಲ್ಲವಾದರೆ 28. ಹೀಗೆ 2000 ಅಧಿಕ ವರ್ಷ, 1900 ಅಲ್ಲ. ಸ್ವಿಚ್‌ನ ಒಳಗೆ ಇಫ್ ಬರೆದರೆ ಏನೋ ತಪ್ಪು ಮಾಡಿದಂತೆ ಅನೇಕರು ಅಳುಕುತ್ತಾರೆ, ಅಳುಕಬೇಕಾದ ಅಗತ್ಯವಿಲ್ಲ. ಉಳಿದ ತಿಂಗಳುಗಳಿಗೆ 31 ಎಂಬುದನ್ನು, ಯಾವ ಕೇಸ್‌ಗೂ ಸೇರದ ಬೆಲೆಗಳು ಹೋಗುವ ಡಿಫಾಲ್ಟ್‌ಗೆ ಹಾಕಿಬಿಡುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಹಾಗೆ ಮಾಡಿದರೆ 13ನೆಯ ತಿಂಗಳಿಗೂ 31 ದಿನಗಳಾಗುತ್ತವೆ. ಆ ಏಳು ತಿಂಗಳುಗಳನ್ನೂ ಹೆಸರಿಸಿ, ಡಿಫಾಲ್ಟ್ ಅನ್ನು ತಪ್ಪು ಬೆಲೆಗೆ ಉಳಿಸಿ.

ಬ್ರೇಕ್ ಮರೆತುಹೋದದ್ದನ್ನು ಕಂಪೈಲರ್‌ನಿಂದಲೇ ಹೇಳಿಸಬಹುದು. ಜಿಸಿಸಿ ಕಂಪೈಲರ್‌ನ 7ನೆಯ ಆವೃತ್ತಿಯಿಂದ, ಅಂದರೆ 2017ರಿಂದ, ಇದಕ್ಕೆಂದೇ ಒಂದು ಎಚ್ಚರಿಕೆ ಇದೆ. ಎಲ್ಲರೂ ಬಳಸುವ ‘ಡಬ್ಲ್ಯು ಆಲ್’ (-Wall) ಆಯ್ಕೆಯಲ್ಲಿ ಅದು ಸೇರಿಲ್ಲ, ‘ಡಬ್ಲ್ಯು ಎಕ್ಸ್‌ಟ್ರಾ’ (-Wextra) ಕೊಟ್ಟಾಗ ಕಾಣಿಸಿಕೊಳ್ಳುತ್ತದೆ. ಬೇಕೆಂದೇ ಬ್ರೇಕ್ ಬಿಟ್ಟಿದ್ದರೆ ಅದನ್ನು ತಿಳಿಸಲು ಸಿ ಪ್ಲಸ್ ಪ್ಲಸ್ 17 ಮತ್ತು ಸಿ 23 ಮಾನಕಗಳಲ್ಲಿ ಫಾಲ್‌ಥ್ರೂ ಎಂಬ ಗುಣಸೂಚಕವಿದೆ. ಅದನ್ನು ಬರೆದರೆ ಎಚ್ಚರಿಕೆ ನಿಲ್ಲುತ್ತದೆ, ಮುಂದೆ ಓದುವವರಿಗೂ ಅನುಮಾನ ಉಳಿಯುವುದಿಲ್ಲ.

ಪ್ರಶ್ನೆ: 1 ಅಥವಾ 2 ಒತ್ತಿದರೆ ಒಂದೇ ಕೆಲಸ ನಡೆಯಲೆಂದು ‘ಕೇಸ್ 1 || 2’ ಎಂದು ಬರೆದೆ. 1ಕ್ಕೆ ಕೆಲಸ ಮಾಡುತ್ತದೆ, 2ಕ್ಕೆ ಮಾಡುವುದಿಲ್ಲ. ಕಂಪೈಲರ್ ಒಪ್ಪಿಕೊಂಡಿದೆಯಲ್ಲ?

ಉತ್ತರ: ಒಪ್ಪಿಕೊಂಡಿದೆ, ಆದರೆ ನೀವು ಹೇಳಿದ್ದನ್ನಲ್ಲ. ‘1 || 2’ ಎಂಬುದು ಸಿ ಭಾಷೆಯಲ್ಲಿ ಒಂದು ತಾರ್ಕಿಕ ಲೆಕ್ಕ. ಎರಡೂ ಸೊನ್ನೆಯಲ್ಲದ ಕಾರಣ ಅದರ ಫಲ 1. ಆ ಸಾಲು ‘ಕೇಸ್ 1’ ಎಂದು ಬರೆದದ್ದಕ್ಕೆ ಸಮವಾಯಿತು, 2 ಎಲ್ಲಿಯೂ ಸಿಗದೆ ಡಿಫಾಲ್ಟ್‌ಗೆ ಹೋಯಿತು. ಅದೇ ಸ್ವಿಚ್‌ನಲ್ಲಿ ‘ಕೇಸ್ 3 || 4’ ಎಂದು ಇನ್ನೊಂದನ್ನು ಬರೆದು ನೋಡಿ. ಅದರ ಬೆಲೆಯೂ 1 ಆಗುವುದರಿಂದ ಒಂದೇ ಬೆಲೆಯ ಕೇಸ್ ಎರಡು ಬಾರಿ ಬಂದಿದೆ ಎಂದು ಕಂಪೈಲರ್ ಆಗ ದೂರುತ್ತದೆ. ಸರಿಯಾದ ದಾರಿ ಹಿಂದಿನ ಉತ್ತರದಲ್ಲಿರುವಂತೆ ಎರಡು ಲೇಬಲ್‌ಗಳನ್ನು ಒಂದರ ಕೆಳಗೊಂದು ಬರೆಯುವುದು. ಗೋ ಭಾಷೆಯಲ್ಲೂ ಹೊಸ ಜಾವಾದಲ್ಲೂ ‘ಕೇಸ್ 1, 2’ ಎಂದು ಅಲ್ಪವಿರಾಮದಿಂದ ಬರೆಯಬಹುದು.

ಇದೇ ತಪ್ಪು ಪೈಥಾನ್‌ನ ಇಫ್‌ನಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ‘ಇಫ್ ಎಕ್ಸ್ == 1 ಆರ್ 2’ ಎಂದು ಬರೆದರೆ, ಎಕ್ಸ್ 1ಕ್ಕೆ ಸಮವಲ್ಲದಿದ್ದಾಗ ಬರಿಯ 2 ಉಳಿಯುತ್ತದೆ; ಸೊನ್ನೆಯಲ್ಲದ ಸಂಖ್ಯೆ ನಿಜಕ್ಕೆ ಸಮವಾದ್ದರಿಂದ ಷರತ್ತು ಎಂದೂ ಸುಳ್ಳಾಗುವುದಿಲ್ಲ. ‘ಇಫ್ ಎಕ್ಸ್ ಇನ್ (1, 2)’ ಎಂದು ಬರೆಯಿರಿ.

ಪ್ರಶ್ನೆ: ನನ್ನ ಸಿ ಪ್ರೋಗ್ರಾಮಿನಲ್ಲಿ ಡಿಫಾಲ್ಟ್ ಭಾಗ ಏನು ಮಾಡಿದರೂ ಓಡುವುದಿಲ್ಲ, ದೋಷವೂ ತೋರಿಸುವುದಿಲ್ಲ. ನನ್ನ ಸಹಪಾಠಿಯ ಪ್ರೋಗ್ರಾಮಿನಲ್ಲಿ ಇದಕ್ಕೆ ವಿರುದ್ಧವಾಗಿ, ಏನು ಒತ್ತಿದರೂ ಡಿಫಾಲ್ಟೇ ಓಡುತ್ತದೆ. ಎರಡರ ಕೋಡ್ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಕೋಡ್‌ನಲ್ಲಿ ಡಿಫಾಲ್ಟ್ ಪದದ ಕಾಗುಣಿತ ತಪ್ಪಿದೆ, ನಡುವಿನ ಎರಡು ಅಕ್ಷರಗಳು ಅದಲುಬದಲಾಗಿವೆ. ಕಂಪೈಲರ್ ಏಕೆ ಸುಮ್ಮನಿದೆಯೆಂದರೆ, ಸಿ ಭಾಷೆಯಲ್ಲಿ ಯಾವ ಹೆಸರಿನ ಮುಂದೆಯಾದರೂ ವಿವರಣ ಚಿಹ್ನೆ ಹಾಕಿದರೆ ಅದು ಬೇರೆಡೆಗೆ ನೇರವಾಗಿ ಹಾರಿಸುವ ಗೋಟು ಹೇಳಿಕೆಗಾಗಿ ಇಟ್ಟ ಲೇಬಲ್ ಆಗಿಬಿಡುತ್ತದೆ. ನಿಮ್ಮ ತಪ್ಪು ಕಾಗುಣಿತದ ಪದವೂ ಹಾಗೆಯೇ ಒಂದು ಲೇಬಲ್ ಆಗಿದೆ. ಅಲ್ಲಿಗೆ ಹಾರುವವರು ಯಾರೂ ಇಲ್ಲ, ಹಿಂದಿನ ಕೇಸ್‌ನ ಬ್ರೇಕ್ ದಾಟಿ ಬರುವವರೂ ಇಲ್ಲ. ‘ಕೇಸ್’ ಮತ್ತು ‘1’ರ ನಡುವೆ ಖಾಲಿ ಜಾಗ ಬಿಡದೆ ಕೂಡಿಸಿ ಬರೆದರೂ ಇದೇ ಗತಿ. ‘ಡಬ್ಲ್ಯು ಆಲ್’ ಆಯ್ಕೆಯೊಡನೆ ಕಂಪೈಲ್ ಮಾಡಿದರೆ, ಲೇಬಲ್ ಇದೆ ಆದರೆ ಅದನ್ನು ಬಳಸಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಎಚ್ಚರಿಕೆಗಳನ್ನು ಮುಚ್ಚಿಟ್ಟುಕೊಂಡು ಸಿ ಕಲಿಯಬೇಡಿ.

ನಿಮ್ಮ ಸಹಪಾಠಿ ಆಯ್ಕೆಯನ್ನು ಅಕ್ಷರವಾಗಿ ಓದಿಕೊಂಡಿದ್ದಾರೆ, ಕೇಸ್‌ಗಳನ್ನು ಸಂಖ್ಯೆಯಾಗಿ ಬರೆದಿದ್ದಾರೆ. ಕೀಲಿಮಣೆಯಲ್ಲಿ ಒತ್ತಿದ 1 ಎಂಬ ಅಕ್ಷರದ ಆಸ್ಕಿ ಸಂಕೇತ 49. ಸ್ವಿಚ್ 49ನ್ನು 1ರೊಡನೆ, 2ರೊಡನೆ, 3ರೊಡನೆ ಹೋಲಿಸಿ ಯಾವುದೂ ಸಮವಲ್ಲವೆಂದು ಡಿಫಾಲ್ಟ್‌ಗೆ ಹೋಗುತ್ತದೆ. ಕೇಸ್‌ನ ಸಂಖ್ಯೆಗಳನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆದರೆ ಆಯಿತು. ಅಕ್ಷರವಾಗಿ ಓದುವ ನಿರ್ಧಾರ ಮಾತ್ರ ಒಳ್ಳೆಯದೇ. ಸಂಖ್ಯೆಯಾಗಿ ಓದಲು ಸ್ಕ್ಯಾನ್‌ಎಫ್ ಬಳಸಿ, ಅದು ತಿರುಗಿಸುವ ಬೆಲೆಯನ್ನು ನೋಡದೆ ಬಿಟ್ಟರೆ, ಬಳಕೆದಾರರು ಸಂಖ್ಯೆಯ ಬದಲು ಅಕ್ಷರವೊಂದನ್ನು ಒತ್ತಿದಾಗ ಆ ಅಕ್ಷರ ಓದಲ್ಪಡದೆ ಅಲ್ಲೇ ಉಳಿದು, ಮೆನು ನಿಲ್ಲದೆ ಸುತ್ತತೊಡಗುತ್ತದೆ. ಅಕ್ಷರ ಓದುವಾಗ ಹಿಂದಿನ ಎಂಟರ್ ಕೀಲಿಯ ಹೊಸಸಾಲಿನ ಗುರುತು ಮೊದಲು ಸಿಗುತ್ತದೆ ಎಂಬುದನ್ನು ನೆನಪಿಡಿ. ಓದುವ ನಮೂನೆಯ ಮುಂದೆ ಒಂದು ಖಾಲಿ ಜಾಗ ಬಿಟ್ಟರೆ ಅದು ಅಂಥ ಗುರುತುಗಳನ್ನು ನುಂಗಿಕೊಳ್ಳುತ್ತದೆ.

ಪ್ರಶ್ನೆ: ವೈಲ್ ಲೂಪಿನೊಳಗೆ ಸ್ವಿಚ್ ಇದೆ. ‘ನಿರ್ಗಮನ’ ಎಂಬ ಕೇಸ್‌ನಲ್ಲಿ ಬ್ರೇಕ್ ಹಾಕಿದ್ದರೂ ಮೆನು ಮತ್ತೆ ಬರುತ್ತದೆ.

ಉತ್ತರ: ಬ್ರೇಕ್ ತನ್ನನ್ನು ಸುತ್ತುವರಿದ ಅತ್ಯಂತ ಹತ್ತಿರದ ಸ್ವಿಚ್ ಅಥವಾ ಲೂಪಿನಿಂದ ಮಾತ್ರ ಹೊರಬರುತ್ತದೆ. ಇಲ್ಲಿ ಹತ್ತಿರದ್ದು ಸ್ವಿಚ್. ಲೂಪ್ ತನ್ನ ಪಾಡಿಗೆ ಮುಂದುವರಿಯುತ್ತದೆ. ಲೂಪಿನ ಷರತ್ತಿನಲ್ಲೇ ‘ಆಯ್ಕೆ ನಿರ್ಗಮನವಲ್ಲದಿರುವವರೆಗೆ’ ಎಂದು ಬರೆಯಿರಿ, ಇಲ್ಲವೇ ಮೆನುವನ್ನು ಪ್ರತ್ಯೇಕ ಫಂಕ್ಷನ್ ಮಾಡಿ ರಿಟರ್ನ್ ಬಳಸಿ. ಜಾವಾದಲ್ಲಿ ಲೂಪಿಗೆ ಹೆಸರಿಟ್ಟು ಆ ಹೆಸರಿನಿಂದ ಹೊರಬರುವ ಸೌಲಭ್ಯವಿದೆ.

ಬ್ರೇಕ್ ಎಲ್ಲಿಂದ ಹೊರಬರುತ್ತದೆ ಎಂಬ ಈ ಸಣ್ಣ ವಿಷಯ ಸಣ್ಣದಲ್ಲ. 1990ರ ಜನವರಿ 15ರಂದು ಅಮೆರಿಕದಲ್ಲಿ ಎಟಿ ಅಂಡ್ ಟಿ ಸಂಸ್ಥೆಯ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆಗಳ ಕಾಲ ಅಸ್ತವ್ಯಸ್ತವಾಗಿ, ಕೋಟಿಗಟ್ಟಲೆ ಕರೆಗಳು ಸಂಪರ್ಕವಾಗದೆ ಹೋದವು. ಸಿ ಭಾಷೆಯಲ್ಲಿ ಬರೆದ ತಂತ್ರಾಂಶದಲ್ಲಿ, ಸ್ವಿಚ್‌ನ ಒಂದು ಕವಲಿನೊಳಗಿನ ಇಫ್‌ನಲ್ಲಿ ಕುಳಿತಿದ್ದ ಒಂದು ಬ್ರೇಕ್ ಅದಕ್ಕೆ ಕಾರಣವೆಂದು ಗೊತ್ತಾಯಿತು. ಇಫ್‌ನಿಂದ ಹೊರಬರಲು ಬ್ರೇಕ್ ಸಹಾಯ ಮಾಡುವುದಿಲ್ಲ. ಅದು ಇಡೀ ಸ್ವಿಚ್‌ನಿಂದಲೇ ಹೊರಕ್ಕೆ ಹಾರುತ್ತದೆ, ಆ ಕವಲಿನಲ್ಲಿ ಮುಂದೆ ನಡೆಯಬೇಕಾಗಿದ್ದ ಕೆಲಸ ಹಾಗೆಯೇ ಉಳಿಯುತ್ತದೆ. ಜಾಲದ 114 ವಿನಿಮಯ ಕೇಂದ್ರಗಳಲ್ಲೂ ಅದೇ ತಂತ್ರಾಂಶವಿದ್ದುದರಿಂದ ಒಂದರ ತೊಂದರೆ ಇನ್ನೊಂದಕ್ಕೆ ಹರಡುತ್ತಾ ಹೋಯಿತು.

ಪ್ರಶ್ನೆ: ಪೈಥಾನ್‌ನಲ್ಲಿ ಸ್ವಿಚ್ ಇಲ್ಲ ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ, ಇದೆ ಎಂದು ಸ್ನೇಹಿತರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ನಿಮ್ಮ ಪುಸ್ತಕ 2021ಕ್ಕಿಂತ ಹಳೆಯದಿದ್ದರೆ ಬರೆದಾಗ ಅದು ಹೇಳಿದ್ದು ನಿಜವೇ ಆಗಿತ್ತು. ಪೈಥಾನ್‌ಗೆ ಸ್ವಿಚ್ ಸೇರಿಸುವ ಬಗ್ಗೆ 2001ರಲ್ಲೊಮ್ಮೆ ಪ್ರಸ್ತಾವ ಬಂತು, 2006ರಲ್ಲಿ ಭಾಷೆಯ ಕರ್ತೃ ಗೀಡೋ ವ್ಯಾನ್ ರಾಸಮ್ ಅವರೇ ಇನ್ನೊಂದನ್ನು ಬರೆದರು. 2007ರ ಪೈಕಾನ್ ಸಮಾವೇಶದಲ್ಲಿ ಅವರು ಸಭಿಕರ ಅಭಿಪ್ರಾಯ ಕೇಳಿದಾಗ ಹೆಚ್ಚಿನ ಬೆಂಬಲ ಕಾಣದ ಕಾರಣ ಆ ಪ್ರಸ್ತಾವವನ್ನು ಕೈಬಿಡಲಾಯಿತು. ಅಕ್ಟೋಬರ್ 2021ರಲ್ಲಿ ಬಿಡುಗಡೆಯಾದ 3.10ನೆಯ ಆವೃತ್ತಿಯಲ್ಲಿ ಮ್ಯಾಚ್ ಎಂಬ ಹೇಳಿಕೆ ಬಂತು. ಆದರೆ ಅದನ್ನು ಸ್ವಿಚ್‌ನ ಇನ್ನೊಂದು ಹೆಸರೆಂದು ತಿಳಿದರೆ ಎಡವುತ್ತೀರಿ. ಸ್ವಿಚ್ ಬೆಲೆಯನ್ನು ಹೋಲಿಸುತ್ತದೆ. ಮ್ಯಾಚ್ ಬೆಲೆಯ ಆಕಾರವನ್ನೂ ನೋಡಿ, ಅದರ ಭಾಗಗಳನ್ನು ಬಿಡಿಸಿ ಹೆಸರುಗಳಿಗೆ ತುಂಬುತ್ತದೆ. ಬಂದದ್ದು ಎರಡು ಅಂಶಗಳ ಪಟ್ಟಿಯೇ, ಅದರ ಮೊದಲ ಅಂಶ ‘ಅಳಿಸು’ ಎಂಬ ಪದವೇ, ಹಾಗಿದ್ದರೆ ಎರಡನೆಯದನ್ನು ‘ಕಡತ’ ಎಂಬ ವೇರಿಯೇಬಲ್‌ಗೆ ಹಾಕು ಎಂಬಷ್ಟನ್ನೂ ಒಂದೇ ಕೇಸ್ ಸಾಲಿನಲ್ಲಿ ಹೇಳಬಹುದು.

ಈ ಶಕ್ತಿಯ ಜೊತೆಯಲ್ಲೇ ಅದರ ದೊಡ್ಡ ಬಲೆಯೂ ಇದೆ. ಮೇಲೆ ‘ಕೆಂಪು’ ಎಂಬ ವೇರಿಯೇಬಲ್‌ಗೆ 1 ಎಂಬ ಬೆಲೆ ಕೊಟ್ಟು, ಕೆಳಗೆ ‘ಕೇಸ್ ಕೆಂಪು’ ಎಂದು ಬರೆದರೆ, ಬಂದ ಬೆಲೆ ಕೆಂಪಿಗೆ ಸಮವೇ ಎಂದು ಪೈಥಾನ್ ಕೇಳುವುದಿಲ್ಲ. ಬರಿಯ ಹೆಸರು ಏನನ್ನಾದರೂ ಹಿಡಿಯುವ ಪಾತ್ರೆ ಇದ್ದಂತೆ. ಯಾವ ಬೆಲೆ ಬಂದರೂ ಆ ಕೇಸ್ ಹೊಂದಿಕೊಳ್ಳುತ್ತದೆ, ಅಷ್ಟೇ ಅಲ್ಲದೆ ಕೆಂಪಿನ ಹಳೆಯ ಬೆಲೆ ಅಳಿದು ಹೊಸದು ಕೂರುತ್ತದೆ. ಅದರ ಕೆಳಗೆ ಬೇರೆ ಕೇಸ್‌ಗಳಿದ್ದರೆ ಅವು ತಲುಪಲಾಗದವು ಎಂದು ಪೈಥಾನ್ ದೋಷ ತೋರಿಸುತ್ತದೆ. ಅದೇ ಕೊನೆಯ ಕೇಸ್ ಆಗಿದ್ದರೆ ಸುಮ್ಮನೆ ಓಡುತ್ತದೆ. ಸಂಖ್ಯೆಯನ್ನೋ ಉದ್ಧರಣದೊಳಗಿನ ಪದವನ್ನೋ ನೇರವಾಗಿ ಬರೆದರೆ ಈ ತೊಂದರೆಯಿಲ್ಲ. ಹೆಸರೇ ಬೇಕೆಂದರೆ ಅವನ್ನು ಒಂದು ಈನಮ್‌ನಲ್ಲಿ (ಹೆಸರಿಟ್ಟ ನಿಗದಿತ ಬೆಲೆಗಳ ಗುಂಪಿನಲ್ಲಿ) ಇಟ್ಟು ‘ಬಣ್ಣ.ಕೆಂಪು’ ಎಂದು ಚುಕ್ಕಿಯೊಡನೆ ಬರೆಯಬೇಕು; ಚುಕ್ಕಿ ಇರುವ ಹೆಸರನ್ನು ಪೈಥಾನ್ ಬೆಲೆಯಾಗಿಯೇ ನೋಡುತ್ತದೆ. ಹಲವು ಬೆಲೆಗಳನ್ನು ಒಂದೇ ಕವಲಿಗೆ ತರಲು ನಡುವೆ ಒಂದು ನಿಲುಗೆರೆ, ಉಳಿದವೆಲ್ಲಕ್ಕೂ ‘ಕೇಸ್ _’.

ನಮ್ಮ ಸಲಹೆಯೆಂದರೆ, ಬರಿಯ ನಾಲ್ಕಾರು ಬೆಲೆಗಳಿಗೆ ನಾಲ್ಕಾರು ಉತ್ತರಗಳನ್ನು ಜೋಡಿಸುವುದಷ್ಟೇ ಉದ್ದೇಶವಾಗಿದ್ದರೆ ಮ್ಯಾಚ್ ಕೂಡ ಬೇಕಿಲ್ಲ. ಒಂದು ಡಿಕ್ಷನರಿ ಸಾಕು. ಅದರ ಗೆಟ್ ಮೆಥಡ್‌ಗೆ ಎರಡನೆಯ ಅಂಶವಾಗಿ ಕೊಟ್ಟದ್ದೇ ಡಿಫಾಲ್ಟ್ ಆಗುತ್ತದೆ. ಉತ್ತರಗಳ ಬದಲು ಫಂಕ್ಷನ್‌ಗಳನ್ನು ಇಡುವಾಗ ಅವುಗಳ ಹೆಸರನ್ನು ಮಾತ್ರ ಬರೆಯಿರಿ. ಹೆಸರಿನ ಮುಂದೆ ಆವರಣ ಚಿಹ್ನೆಗಳನ್ನೂ ಹಾಕಿದರೆ ಡಿಕ್ಷನರಿ ಕಟ್ಟುವ ಹೊತ್ತಿನಲ್ಲೇ ಎಲ್ಲ ಫಂಕ್ಷನ್‌ಗಳೂ ಒಂದರ ಹಿಂದೊಂದು ಓಡಿಬಿಡುತ್ತವೆ. ಉಳಿಸು, ಅಳಿಸು, ಮುದ್ರಿಸು ಮೂರೂ ಒಟ್ಟಿಗೆ ನಡೆದುಹೋದ ಮೇಲೆ ಬಳಕೆದಾರರ ಆಯ್ಕೆ ಕೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ಸ್ವಿಚ್ ಇಫ್‌ಗಿಂತ ವೇಗವಾಗಿ ಓಡುತ್ತದೆಯೇ?

ಉತ್ತರ: ಕೆಲವೊಮ್ಮೆ ಹೌದು. ಕೇಸ್‌ಗಳ ಬೆಲೆಗಳು 1ರಿಂದ 20ರವರೆಗೆ ಒತ್ತೊತ್ತಾಗಿದ್ದರೆ, ಕಂಪೈಲರ್ ವಿಳಾಸಗಳ ಒಂದು ಕೋಷ್ಟಕ ಮಾಡಿಕೊಂಡು ಬೆಲೆಯನ್ನೇ ಕ್ರಮಸಂಖ್ಯೆಯಾಗಿ ಬಳಸಿ ನೇರವಾಗಿ ಸರಿಯಾದ ಜಾಗಕ್ಕೆ ಹಾರಬಲ್ಲದು. ಹದಿನೆಂಟನೆಯ ಕೇಸ್‌ಗೆ ಮೊದಲಿನ ಹದಿನೇಳು ಹೋಲಿಕೆಗಳು ಬೇಕಿಲ್ಲ. ಬೆಲೆಗಳು 7, 900, 40000 ಎಂದು ಚದುರಿದ್ದರೆ ಕೋಷ್ಟಕ ದುಬಾರಿಯಾಗುತ್ತದೆ, ಆಗ ಕಂಪೈಲರ್ ಹೋಲಿಕೆಗಳನ್ನೇ ಅರ್ಧರ್ಧ ಮಾಡಿ ಹುಡುಕುವ ಕ್ರಮದಲ್ಲಿ ಜೋಡಿಸುತ್ತದೆ. ಜಾವಾ ಪ್ರೋಗ್ರಾಂ ಕಂಪೈಲ್ ಆದಾಗ ಸಿಗುವ ಬೈಟ್‌ಕೋಡ್‌ನಲ್ಲಿ ಈ ಎರಡಕ್ಕೂ ಟೇಬಲ್‌ಸ್ವಿಚ್, ಲುಕಪ್‌ಸ್ವಿಚ್ ಎಂಬ ಬೇರೆ ಬೇರೆ ಆದೇಶಗಳೇ ಇವೆ. ಇಂದಿನ ಕಂಪೈಲರ್‌ಗಳು ಸರಳವಾದ ಎಲ್ಸ್ ಇಫ್ ಸರಣಿಯನ್ನೂ ಗುರುತಿಸಿ ಇದೇ ರೀತಿ ಪರಿವರ್ತಿಸಬಲ್ಲವು. ಆದ್ದರಿಂದ ಐದಾರು ಕವಲುಗಳ ಪ್ರೋಗ್ರಾಮಿನಲ್ಲಿ ವೇಗಕ್ಕಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ವ್ಯರ್ಥ ಶ್ರಮ. ಓದಲು ಯಾವುದು ತಿಳಿಯಾಗಿದೆಯೋ ಅದನ್ನು ಬರೆಯಿರಿ.

ಪ್ರಶ್ನೆ: ಪ್ರತಿ ಸ್ವಿಚ್‌ಗೂ ಡಿಫಾಲ್ಟ್ ಇರಲೇಬೇಕೆಂದು ನಮ್ಮ ಶಿಕ್ಷಕರು ಹೇಳುತ್ತಾರೆ. ಭಾಷೆ ಅದನ್ನು ಕಡ್ಡಾಯ ಮಾಡಿಲ್ಲವಲ್ಲ?

ಉತ್ತರ: ಹೊರಗಿನಿಂದ ಬರುವ ಬೆಲೆಗಳ ವಿಷಯದಲ್ಲಿ ನಿಮ್ಮ ಶಿಕ್ಷಕರ ಮಾತನ್ನು ನಾವೂ ಪೂರ್ತಿಯಾಗಿ ಅನುಮೋದಿಸುತ್ತೇವೆ. ಬಳಕೆದಾರರು ಒತ್ತಿದ್ದು, ಕಡತದಿಂದ ಓದಿದ್ದು, ಜಾಲದಿಂದ ಬಂದದ್ದು ಯಾವುದೇ ಬೆಲೆಯಾಗಿರಬಹುದು. ಯಾವ ಕೇಸ್‌ಗೂ ಸೇರದ ಬೆಲೆ ಬಂದರೆ ಏನಾಗಬೇಕು ಎಂಬುದನ್ನು ಬರೆಯದಿದ್ದರೆ, ಏನೂ ಆಗಬೇಕಿಲ್ಲ ಎಂದೇ ಬರೆದಂತಾಗುತ್ತದೆ.

ಆದರೆ ನೀವೇ ಈನಮ್ ಮಾಡಿ ಬೆಲೆಗಳನ್ನು ನಿಗದಿಪಡಿಸಿದ್ದರೆ ಲೆಕ್ಕ ತಿರುಗುತ್ತದೆ. ನಾಲ್ಕು ದಿಕ್ಕುಗಳ ಈನಮ್ ಮೇಲೆ ಸ್ವಿಚ್ ಬರೆದು ಮೂರನ್ನು ಮಾತ್ರ ನಿಭಾಯಿಸಿದ್ದರೆ, ‘ಡಬ್ಲ್ಯು ಆಲ್’ ಕೊಟ್ಟಾಗ ಜಿಸಿಸಿ ನಾಲ್ಕನೆಯದು ಬಿಟ್ಟುಹೋಗಿದೆ ಎಂದು ಎಚ್ಚರಿಸುತ್ತದೆ. ಅಲ್ಲಿ ಡಿಫಾಲ್ಟ್ ಇದ್ದರೆ ಎಲ್ಲವೂ ನಿಭಾಯಿಸಲ್ಪಟ್ಟಿವೆ ಎಂದು ತಿಳಿದು ಸುಮ್ಮನಾಗುತ್ತದೆ. ಮುಂದೆ ಈನಮ್‌ಗೆ ಐದನೆಯ ಬೆಲೆ ಸೇರಿದಾಗ ಪ್ರೋಗ್ರಾಮಿನ ಯಾವ ಯಾವ ಸ್ವಿಚ್‌ಗಳನ್ನು ತಿದ್ದಬೇಕೆಂದು ತೋರಿಸಿಕೊಡಬೇಕಾದ ಎಚ್ಚರಿಕೆಯನ್ನು ನೀವೇ ಬಾಯಿ ಮುಚ್ಚಿಸಿದಂತಾಯಿತು. ಡಿಫಾಲ್ಟ್ ಇದ್ದರೂ ಎಚ್ಚರಿಸು ಎನ್ನುವ ‘ಡಬ್ಲ್ಯು ಸ್ವಿಚ್ ಈನಮ್’ (-Wswitch-enum) ಎಂಬ ಪ್ರತ್ಯೇಕ ಆಯ್ಕೆಯೂ ಇದೆ. ರಸ್ಟ್‌ನ ಮ್ಯಾಚ್ ಮತ್ತು ಸ್ವಿಫ್ಟ್‌ನ ಸ್ವಿಚ್ ಇನ್ನೂ ಮುಂದೆ ಹೋಗಿ, ಒಂದೇ ಒಂದು ಸಾಧ್ಯತೆ ಬಿಟ್ಟುಹೋದರೂ ಪ್ರೋಗ್ರಾಮನ್ನು ಕಂಪೈಲ್ ಮಾಡಲು ಒಪ್ಪುವುದಿಲ್ಲ. ಜಾವಾದಲ್ಲಿ ಬೆಲೆ ಕೊಡುವ ರೂಪದ ಸ್ವಿಚ್‌ಗೂ ಈ ನಿಯಮವಿದೆ.

ಪ್ರಶ್ನೆ: ದತ್ತಸಂಚಯಗಳಿಗೆ ಬಳಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಸ್ ಬಳಸಿ, ನಗರದ ಹೆಸರು ಖಾಲಿ ಇರುವ ಸಾಲುಗಳಿಗೆ ‘ತಿಳಿಯದು’ ಎಂದು ತೋರಿಸಬೇಕಿತ್ತು. ‘ಕೇಸ್ ನಗರ ವೆನ್ ನಲ್’ ಎಂದು ಬರೆದರೆ ಒಂದು ಸಾಲೂ ಬದಲಾಗುತ್ತಿಲ್ಲ.

ಉತ್ತರ: ಈ ರೂಪದ ಕೇಸ್ ಒಳಗೊಳಗೆ ‘ನಗರ = ನಲ್’ ಎಂದು ಹೋಲಿಸುತ್ತದೆ. ಎಸ್‌ಕ್ಯೂಎಲ್‌ನಲ್ಲಿ ನಲ್, ಅಂದರೆ ಬೆಲೆಯೇ ಇಲ್ಲವೆಂಬ ಗುರುತು, ಯಾವುದಕ್ಕೂ, ಇನ್ನೊಂದು ನಲ್‌ಗೂ ಸಮವೆಂದು ಬರುವುದಿಲ್ಲ. ಹೋಲಿಕೆಯ ಫಲ ನಿಜವೂ ಅಲ್ಲ, ಸುಳ್ಳೂ ಅಲ್ಲ. ‘ಕೇಸ್ ವೆನ್ ನಗರ ಈಸ್ ನಲ್ ದೆನ್’ ಎಂದು ಷರತ್ತನ್ನು ಪೂರ್ತಿಯಾಗಿ ಬರೆಯಿರಿ, ನಂತರ ‘ಎಲ್ಸ್ ನಗರ ಎಂಡ್’ ಎಂದು ಮುಗಿಸಿ. ಎಲ್ಸ್ ಬಿಟ್ಟರೆ, ಯಾವ ವೆನ್‌ಗೂ ಸೇರದ ಸಾಲುಗಳಿಗೆ ಕೇಸ್ ನಲ್ ಕೊಡುತ್ತದೆ. ಸೆಲೆಕ್ಟ್‌ನಲ್ಲಿ ಇದು ಪರದೆಯ ಮೇಲಿನ ತಪ್ಪಾಗಿ ಮಾತ್ರ ಉಳಿಯುತ್ತದೆ. ಅಪ್‌ಡೇಟ್‌ನಲ್ಲಿ ಹೀಗೆ ಬರೆದು ವೇರ್ ಷರತ್ತನ್ನೂ ಹಾಕದಿದ್ದರೆ, ನೀವು ಮುಟ್ಟಬೇಕೆಂದಿರದ ಸಾಲುಗಳ ನಗರದ ಹೆಸರುಗಳೆಲ್ಲವೂ ಅಳಿಸಿಹೋಗಿ ನಲ್ ಆಗುತ್ತವೆ. ಎಲ್ಸ್‌ನಲ್ಲಿ ಕಾಲಂನ ಹೆಸರನ್ನೇ ಬರೆದರೆ ಅಂಥ ಸಾಲುಗಳಲ್ಲಿ ಹಳೆಯ ಬೆಲೆ ಹಾಗೆಯೇ ಇರುತ್ತದೆ.